ಕಿನ್ನೆಕುಲ್ಲೆಯ ಸುಣ್ಣಕಲ್ಲನ್ನು ಕರಗಿಸಿ ಅದರ ಕಾಲವನ್ನು ಗುರುತಿಸಿದ ಅನುಭವ

ದಕ್ಷಿಣ ಸ್ವೀಡನ್ನಿನ ವೆಸ್ಟರ್‌ಯೋಟ್ಲಾಂಡ್ ಪ್ರಾಂತ್ಯದಲ್ಲಿ, ವೆನರ್ನ್ ಸರೋವರದ ದಡದ ಮೇಲೆ ಕಿನ್ನೆಕುಲ್ಲೆ ಎಂಬ 306 ಮೀಟರ್ ಎತ್ತರದ ಗುಡ್ಡವಿದೆ. ಆ ಗುಡ್ಡದ, ಆರ್ಡೊವಿಷಿಯನ್ ಎಂಬ ಬಹು ಪ್ರಾಚೀನ ಭೂಕಾಲದ ಸುಣ್ಣಕಲ್ಲಿನ ಪದರಗಳನ್ನು ಕೊನೊಡಾಂಟ್ ಎಂಬ ಸೂಕ್ಷ್ಮ ಪಳೆಯುಳಿಕೆಗಳ ಆಧಾರದಿಂದ ವಲಯಗಳಾಗಿ, ಅಂದರೆ ಗೊತ್ತಾದ ಪ್ರಭೇದದಿಂದ ಗುರುತಿಸುವ ಪದರಗಳ ಗುಂಪುಗಳಾಗಿ, ವಿಂಗಡಿಸಿ, ಬೇರೆ ಪ್ರದೇಶಗಳ ಪದರಗಳೊಂದಿಗೆ ತಾಳೆ ಹಾಕುವುದು ನನ್ನ ಸ್ನಾತಕೋತ್ತರ ಪ್ರಬಂಧದ ವಿಷಯವಾಗಿತ್ತು. ಪ್ರಬಂಧ ಕಳೆದ ತಿಂಗಳು ಅಂಗೀಕಾರವಾಯಿತು. ಈ ಕೆಲಸಕ್ಕೆ ಇಳಿಯುವ ಮೊದಲು ಇದರ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಏನೂ ಸಿಕ್ಕಿರಲಿಲ್ಲ. ಸಂಶೋಧನಾ ಲೇಖನಗಳಲ್ಲಿ ಫಲಿತಾಂಶ ಇರುತ್ತದೆಯೇ ಹೊರತು, ಬಕೆಟ್ಟಿಗೆ ಹಾಕಿದ ಕಲ್ಲು ಕರಗಲು ಎಷ್ಟು ಕಾಯಬೇಕು, ಯಾವ ನೀರಿನಲ್ಲಿ ತೊಳೆಯಬೇಕು, ಏನೂ ಸಿಗದ ಮಾದರಿಯನ್ನು ಹೇಗೆ ದಾಖಲಿಸಬೇಕು ಎಂಬ ವಿವರಗಳು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತವೆ. ಭೂವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಲ್ಲಿ ಯಾರಾದರೂ ಇದೇ ದಾರಿ ಹಿಡಿದರೆ ಅವರಿಗೆ ನೆರವಾಗಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಕಲಬುರಗಿ ಜಿಲ್ಲೆಯವನು. ನಮ್ಮ ಕಡೆ ಮನೆಯ ನೆಲಕ್ಕೂ ಅಂಗಳಕ್ಕೂ ಹಾಸುವ ಶಹಾಬಾದಿ ಕಲ್ಲು ಭೀಮಾ ಬೇಸಿನ್ನಿನ ಸುಣ್ಣಕಲ್ಲು. ಪ್ರಾಣಿಗಳಿಗೆ ಚಿಪ್ಪು, ಹಲ್ಲುಗಳಂಥ ಗಟ್ಟಿ ಭಾಗಗಳು ಬರುವುದಕ್ಕೂ ಹಿಂದಿನದು. ಕಾಲೇಜಿನಲ್ಲಿದ್ದಾಗ ಶಹಾಬಾದ್, ಸೇಡಂ ಕಡೆಯ ಕಲ್ಲುಗಣಿಗಳಿಗೆ ಹೋಗಿ ಬಣ್ಣ, ದಪ್ಪ, ಮೇಲೆ ಕೆಳಗಿನ ಕ್ರಮ ಇಷ್ಟನ್ನೇ ಹಿಡಿದು ಒಂದು ಗಣಿಯ ಪದರವನ್ನು ಇನ್ನೊಂದರ ಪದರಕ್ಕೆ ಜೋಡಿಸುತ್ತಿದ್ದೆವು. ಹತ್ತಾರು ಕಿಲೋಮೀಟರ್ ಆಚೆಯ ಬೂದು ಕಲ್ಲು ಮತ್ತು ನಮ್ಮೆದುರಿನ ಬೂದು ಕಲ್ಲು ಒಂದೇ ಕಾಲದಲ್ಲಿ ಕೂಡಿದವು ಎಂದು ಹೇಳಲು ಅದು ಸಾಲದು ಎಂಬುದು ಆಗಲೇ ಮನಸ್ಸಿಗೆ ಬಂದಿತ್ತು. ಬಣ್ಣ ಮತ್ತು ದಪ್ಪ ಆಯಾ ಜಾಗದ ನೀರಿನ ಆಳ, ಹರಿವು, ಕೆಸರಿನ ಪ್ರಮಾಣಗಳನ್ನು ಹೇಳುತ್ತವೆ, ಕಾಲವನ್ನು ಹೇಳುವುದಿಲ್ಲ. ಕಿನ್ನೆಕುಲ್ಲೆಯ ಕಲ್ಲನ್ನೂ ಸ್ವೀಡನ್ನಿನಲ್ಲಿ ನೆಲಕ್ಕೆ, ಮೆಟ್ಟಿಲಿಗೆ ಹಾಸುತ್ತಾರೆ. ಆದರೆ ಅಲ್ಲಿನ ಮೆಟ್ಟಿಲುಗಳಲ್ಲಿ ಉದ್ದನೆಯ ನೇರ ಚಿಪ್ಪಿನ ಶಿರಪಾದಿಗಳು (ಆಕ್ಟೋಪಸ್ ಬಳಗದ ಪ್ರಾಣಿಗಳು) ಕಣ್ಣಿಗೆ ಕಾಣುತ್ತವೆ, ಕಣ್ಣಿಗೆ ಕಾಣದ ಸಾವಿರಾರು ಕೊನೊಡಾಂಟ್‌ಗಳು ಅದೇ ಕಲ್ಲಿನೊಳಗೆ ಇವೆ. ಕರ್ನಾಟಕದಲ್ಲಿ ಆರ್ಡೊವಿಷಿಯನ್ ಶಿಲೆ ಇಲ್ಲ. ಭಾರತದಲ್ಲಿ ಈ ಕಾಲದ ಸಮುದ್ರ ಪದರಗಳನ್ನು ನೋಡಬೇಕೆಂದರೆ ಸ್ಪಿತಿ, ಕಾಶ್ಮೀರ, ಕುಮಾವೂಂ ಎಂದು ಹಿಮಾಲಯಕ್ಕೇ ಹೋಗಬೇಕು.

ಆರ್ಡೊವಿಷಿಯನ್ ಎಂದರೆ ಸುಮಾರು 48.7 ಕೋಟಿ ವರ್ಷಗಳ ಹಿಂದಿನಿಂದ 44.3 ಕೋಟಿ ವರ್ಷಗಳ ಹಿಂದಿನವರೆಗಿನ ಅವಧಿ. ಇದರ ಹಿಂದಿನ ಕೇಂಬ್ರಿಯನ್ ಅವಧಿ ಎಲ್ಲಿ ಮುಗಿಯುತ್ತದೆ, ಮುಂದಿನ ಸೈಲೂರಿಯನ್ ಎಲ್ಲಿ ಶುರುವಾಗುತ್ತದೆ ಎಂಬ ದೀರ್ಘ ಜಗಳವನ್ನು ಬಗೆಹರಿಸಲು ಇಂಗ್ಲೆಂಡಿನ ಭೂವಿಜ್ಞಾನಿ ಚಾರ್ಲ್ಸ್ ಲ್ಯಾಪ್‌ವರ್ತ್ 1879ರಲ್ಲಿ ಇದನ್ನು ಪ್ರತ್ಯೇಕ ಅವಧಿಯಾಗಿ ಸೂಚಿಸಿದರು. ಈಗ ಇದನ್ನು ಏಳು ಹಂತಗಳಾಗಿ ವಿಂಗಡಿಸಲಾಗಿದ್ದು, ಪ್ರತಿ ಹಂತದ ತಳವನ್ನು ಜಗತ್ತಿನ ಯಾವುದೋ ಒಂದು ಜಾಗದ, ಒಂದು ನಿರ್ದಿಷ್ಟ ಪದರದಲ್ಲಿ, ಒಂದು ಪಳೆಯುಳಿಕೆ ಪ್ರಭೇದ ಮೊದಲು ಕಾಣಿಸಿಕೊಳ್ಳುವುದರ ಆಧಾರದಿಂದ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಗೊತ್ತುಮಾಡಲಾಗಿದೆ. ಮೊದಲ ಹಂತವಾದ ಟ್ರೆಮಡೋಸಿಯನ್ನಿನ ತಳ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಗ್ರೀನ್ ಪಾಯಿಂಟ್‌ನಲ್ಲಿದೆ, ಮೂರನೆಯ ಹಂತವಾದ ಡಾಪಿಂಗಿಯನ್ನಿನ ತಳ ಚೀನಾದ ಹೂಬೈ ಪ್ರಾಂತ್ಯದ ಹುವಾಂಗ್‌ಹುವಾಚಾಂಗ್‌ನಲ್ಲಿದೆ. ಇವೆರಡನ್ನೂ ನಿರ್ಧರಿಸಿದ್ದು ಕೊನೊಡಾಂಟ್. ಉಳಿದ ಹಂತಗಳಿಗೆ ಗ್ರಾಪ್ಟೊಲೈಟ್, ಅಂದರೆ ಗುಂಪಾಗಿ ಬದುಕುತ್ತಿದ್ದ ಸಣ್ಣ ಸಮುದ್ರಜೀವಿಗಳ ಪಳೆಯುಳಿಕೆ, ಆಧಾರ. ಸ್ವೀಡನ್ನಿನಲ್ಲೇ ಇಂಥ ಎರಡು ಜಾಗಗಳಿವೆ: ಕಿನ್ನೆಕುಲ್ಲೆಯ ನೆರೆಯ ಹುನ್ನೆಬೆರ್ಗ್ ಗುಡ್ಡದಲ್ಲಿ ಒಂದು, ಲುಂಡ್ ಊರಿನ ಸಮೀಪದ ಫೋಗೆಲ್‌ಸೋಂಗ್‌ನಲ್ಲಿ ಇನ್ನೊಂದು.

ಯಾವ ಪಳೆಯುಳಿಕೆಯನ್ನು ಹಿಡಿಯಬೇಕು ಎಂಬ ತೀರ್ಮಾನವೇ ಮೊದಲ ದೊಡ್ಡ ಹೆಜ್ಜೆ. ಕಪ್ಪು ಶೇಲ್ (ಕೆಸರು ಗಟ್ಟಿಯಾದ ಪದರಗಲ್ಲು) ಆದರೆ ಗ್ರಾಪ್ಟೊಲೈಟ್ ಸಿಗುತ್ತದೆ. ಪದರ ಬಿಡಿಸಿದರೆ ಸಾಕು, ಬರಿಗಣ್ಣಿಗೇ ಕಾಣುತ್ತದೆ. ಕೈಟಿನೊಜೋವನ್ ಮತ್ತು ಅಕ್ರಿಟಾರ್ಕ್‌ಗಳು ಸಾವಯವ ಗೋಡೆಯ ಅತಿ ಸೂಕ್ಷ್ಮ ಪಳೆಯುಳಿಕೆಗಳು, ಕೆಲವೇ ಗ್ರಾಂ ಕಲ್ಲಿನಿಂದಲೂ ಅವುಗಳನ್ನು ಪಡೆಯಬಹುದು. ಆದರೆ ಅದಕ್ಕೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಚರ್ಮಕ್ಕೆ ತಾಗಿದರೆ ಒಳಗಿಳಿದು ಪ್ರಾಣಕ್ಕೇ ಎರವಾಗುವ ಆ ಆಮ್ಲದ ಕೆಲಸಕ್ಕೆ ಪ್ರತ್ಯೇಕ ಪ್ರಯೋಗಾಲಯ, ಪ್ರತ್ಯೇಕ ತರಬೇತಿ ಇರಲೇಬೇಕು. ನಮ್ಮ ವಿಭಾಗದಲ್ಲಿ ಆ ವ್ಯವಸ್ಥೆ ಇರಲಿಲ್ಲ. ಸುಣ್ಣಕಲ್ಲಿಗೆ ಹೊಂದುವುದು ಕೊನೊಡಾಂಟ್. ಇದು ಹಾವುಮೀನಿನಂಥ ಮೃದುದೇಹದ ಸಣ್ಣ ಸಮುದ್ರಪ್ರಾಣಿಯ ಬಾಯಿಯೊಳಗಿನ ಹಲ್ಲಿನಂಥ ಭಾಗ. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಕ್ರಿಸ್ಟಿಯನ್ ಪಾಂಡರ್ 1856ರಲ್ಲಿ ಇವನ್ನು ಮೊದಲು ವರ್ಣಿಸಿದಾಗ ಮೀನಿನ ಹಲ್ಲು ಎಂದೇ ತಿಳಿದಿದ್ದರು. ಪ್ರಾಣಿಯ ದೇಹದ ಅಚ್ಚು ಸ್ಕಾಟ್ಲೆಂಡಿನ ಒಂದು ಹಳೆಯ ಸಂಗ್ರಹದಲ್ಲಿ ಪತ್ತೆಯಾಗಿ, ಅದರ ವಿವರ 1983ರಲ್ಲಿ ಪ್ರಕಟವಾಗುವವರೆಗೆ ಇವು ಯಾವ ಜೀವಿಯವು ಎಂಬುದು ಯಾರಿಗೂ ಖಚಿತವಿರಲಿಲ್ಲ. ನಮ್ಮ ಕೆಲಸಕ್ಕೆ ಮುಖ್ಯವಾದ ಸಂಗತಿಯೆಂದರೆ ಇವು ಕ್ಯಾಲ್ಸಿಯಂ ಫಾಸ್ಫೇಟಿನಿಂದ ಆದವು, ಆದ್ದರಿಂದ ಸುಣ್ಣಕಲ್ಲು ಕರಗುವ ಸೌಮ್ಯ ಆಮ್ಲದಲ್ಲಿ ಇವು ಕರಗದೆ ಉಳಿಯುತ್ತವೆ.

ಕ್ಷೇತ್ರಕಾರ್ಯಕ್ಕೆ ಮೊದಲು ಅನುಮತಿಯ ಕೆಲಸ. ಗುಡ್ಡದ ಹಲವು ಭಾಗಗಳು ಸಂರಕ್ಷಿತ ಪ್ರದೇಶ, ಅಲ್ಲಿ ಅನುಮತಿ ಇಲ್ಲದೆ ಸುತ್ತಿಗೆ ಎತ್ತುವಂತಿಲ್ಲ. ಖಾಸಗಿ ಗಣಿಯಾದರೆ ಮಾಲೀಕರ ಒಪ್ಪಿಗೆ ಬೇಕು. ಅರ್ಜಿಯಲ್ಲಿ ನಕಾಶೆ, ತೆಗೆಯುವ ಮಾದರಿಗಳ ಸಂಖ್ಯೆ, ಒಟ್ಟು ತೂಕ, ಕಲ್ಲು ತೆಗೆದ ಮೇಲೆ ಗೋಡೆಯ ಮೇಲೆ ಉಳಿಯುವ ಗುರುತು ಎಷ್ಟು ದೊಡ್ಡದು ಎಂಬುದನ್ನೆಲ್ಲ ಕೇಳಿದ್ದರು. ವಸಂತದಲ್ಲಿ ಅರ್ಜಿ ಹಾಕಿದರೆ ಬೇಸಿಗೆಗೆ ಉತ್ತರ ಬರಬಹುದೆಂದು ಎಣಿಸಿದ್ದೆ. ಕಚೇರಿಯವರೆಲ್ಲ ಬೇಸಿಗೆ ರಜೆಗೆ ಹೋಗುವ ದೇಶವಿದು ಎಂಬುದು ಅಲ್ಲಿ ಕಾಯುವಾಗಲೇ ಗೊತ್ತಾದದ್ದು. ಪತ್ರ ಕೈಸೇರುವಾಗ ಎಲೆಗಳು ಹಳದಿಯಾಗುತ್ತಿದ್ದವು; ಹಿಮ ಬಿದ್ದರೆ ಮುಂದಿನ ವರ್ಷದವರೆಗೆ ಪದರವೇ ಕಾಣುವುದಿಲ್ಲ ಎಂಬ ಆತಂಕದಲ್ಲಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಇಲ್ಲಿಗೆ ಬರುವವರು ಪ್ರವೇಶ ಪಡೆದ ಚಳಿಗಾಲದಲ್ಲೇ, ಪ್ರಬಂಧದ ಶೀರ್ಷಿಕೆ ಅಂತಿಮವಾಗುವುದನ್ನು ಕಾಯದೆ, ಅರ್ಜಿ ಸಲ್ಲಿಸುವುದು ಒಳ್ಳೆಯದು. ಅನುಮತಿಪತ್ರದ ಪ್ರತಿಯನ್ನು ಗಣಿಯಲ್ಲಿ ಜೇಬಿನಲ್ಲೇ ಇಟ್ಟುಕೊಳ್ಳಿ. ದಾರಿಹೋಕರು ನಿಂತು ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ.

ನಾವು ಕೆಲಸ ಮಾಡಿದ ಹಳೆಯ ಗಣಿಯ ಗೋಡೆ ಕೆಂಪು ಸುಣ್ಣಕಲ್ಲಿನದು, ನಡುವೆ ಒಂದು ಮೀಟರಿಗೆ ತುಸು ಹೆಚ್ಚು ದಪ್ಪದ ಬೂದು ಪಟ್ಟಿ. ಆ ಬೂದು ಭಾಗವನ್ನು ಸ್ಥಳೀಯವಾಗಿ ಟೆಲ್ಯಸ್ಟೇನ್ ಎನ್ನುತ್ತಾರೆ. ಸಮುದ್ರಮಟ್ಟ ಇಳಿದು ನೀರು ಆಳ ಕಳೆದುಕೊಂಡ ಕಾಲದ್ದು ಎಂದು ಅದನ್ನು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಮೊದಲು ತಳದಿಂದ ಟೇಪು ಹಿಡಿದು ಇಡೀ ಗೋಡೆಯನ್ನು ಅಳೆದು, ಪ್ರತಿ ಪದರದ ಚಿತ್ರ ಬರೆದು, ಅನಂತರವೇ ಉಳಿ ಹಿಡಿದೆವು. ಈ ಸುಣ್ಣಕಲ್ಲು ಕೂಡಿಕೊಂಡದ್ದು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ವೇಗದಲ್ಲಿ. ಹಾಗಾಗಿ ಹತ್ತು ಸೆಂಟಿಮೀಟರ್ ದಪ್ಪದ ಒಂದು ತುಂಡು ತೆಗೆದರೆ ಹತ್ತಾರು ಸಾವಿರ ವರ್ಷಗಳು ಒಂದೇ ಚೀಲಕ್ಕೆ ಬಂದು ಬೆರೆಯುತ್ತವೆ, ಮತ್ತೆ ಯಾವ ಮೈಕ್ರೋಸ್ಕೋಪಿನಿಂದಲೂ ಅವನ್ನು ಬೇರ್ಪಡಿಸಲಾಗದು. ಮಾರ್ಗದರ್ಶಕರು ಈ ಮಾತನ್ನು ಮೊದಲ ದಿನವೇ ಹೇಳಿ, ಮಾದರಿ ಆದಷ್ಟು ತೆಳುವಾಗಿರಲಿ, ಅಗಲದಲ್ಲಿ ತೂಕ ಸರಿದೂಗಿಸಿಕೊಳ್ಳಿ ಎಂದಿದ್ದರು. ಪ್ರತಿ ಮಾದರಿ ಎರಡು ಕಿಲೋ ತೂಗುವಂತೆ ತೆಗೆದೆವು. ಮೇಲ್ಮುಖ ಯಾವುದು ಎಂಬುದಕ್ಕೆ ಕಲ್ಲಿನ ಮೇಲೇ ಬಾಣದ ಗುರುತು, ಚೀಲದ ಹೊರಗೆ ಒಂದು ಚೀಟಿ, ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ನೊಂದು ಚೀಟಿ, ಗೋಡೆಯ ಫೋಟೋದ ಮೇಲೂ ಅದೇ ಸಂಖ್ಯೆ. ಅಲ್ಲಲ್ಲಿ ಪದರಗಳ ನಡುವೆ ಸಮುದ್ರತಳವೇ ಗಟ್ಟಿಯಾಗಿ ಬಹುಕಾಲ ಬರಿದಾಗಿ ನಿಂತಿದ್ದ ಮೇಲ್ಮೈಗಳಿವೆ. ಅಂಥ ಮೇಲ್ಮೈಯನ್ನು ದಾಟುವಂತೆ ಒಂದೇ ಮಾದರಿ ತೆಗೆಯಲೇಬಾರದು, ಕೆಳಗಿನದನ್ನೂ ಮೇಲಿನದನ್ನೂ ಬೇರೆ ಬೇರೆ ಇಡಬೇಕು.

ಬಾಡಿಗೆ ಕಾರಿನ ಹಿಂಬದಿ ಕಲ್ಲಿನ ಭಾರಕ್ಕೆ ಕುಸಿದು ಕೂತಿತ್ತು. ಈ ಬಾಡಿಗೆಯೂ ಇಂಧನವೂ ನನ್ನ ಕೈಯಿಂದಲೇ ಹೋದ ಖರ್ಚು. ಆಮ್ಲ, ಭಾರದ್ರವ, ಸ್ಲೈಡು ಇತ್ಯಾದಿ ವಿಭಾಗದ್ದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಗಂಟೆಯ ಶುಲ್ಕವನ್ನು ವಿಭಾಗ ಒಂದು ಮಿತಿಯವರೆಗೆ ಮಾತ್ರ ಭರಿಸಿತು. ಯಾವುದನ್ನು ಯಾರು ಕೊಡುತ್ತಾರೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಬರಹದಲ್ಲಿ ಪಡೆದುಕೊಂಡರೆ ಮುಂದೆ ಸಂಕೋಚಕ್ಕೆ ಸಿಲುಕಬೇಕಾಗಿಲ್ಲ.

ಆಮ್ಲದ ಹಂತವೇ ಇಡೀ ಕೆಲಸದ ಬೆನ್ನೆಲುಬು, ಇಲ್ಲಿ ಅವಸರ ನಡೆಯುವುದಿಲ್ಲ. ಕಲ್ಲನ್ನು ಮುಷ್ಟಿಗಿಂತ ಚಿಕ್ಕ ತುಂಡುಗಳಾಗಿ ಒಡೆದು, ತೊಳೆದು, ತೂತಿನ ತಳವಿರುವ ಒಳಬಕೆಟ್ಟಿನಲ್ಲಿ ಹಾಕಿ, ಅದನ್ನು ಅಸಿಟಿಕ್ ಆಮ್ಲದ ಶೇಕಡಾ 10ರ ದ್ರಾವಣ ತುಂಬಿದ ದೊಡ್ಡ ಬಕೆಟ್ಟಿನಲ್ಲಿ ಇಳಿಬಿಡುತ್ತೇವೆ. ಕರಗದ ಕಸ ಕೆಳಗಿಳಿದು ಹೊರಬಕೆಟ್ಟಿನಲ್ಲಿ ಸೇರುತ್ತದೆ. ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ: ಒಂದು ಕಿಲೋ ಶುದ್ಧ ಸುಣ್ಣಕಲ್ಲು ಪೂರ್ತಿ ಕರಗಲು ಸುಮಾರು 1.2 ಕಿಲೋ ಅಸಿಟಿಕ್ ಆಮ್ಲ, ಅಂದರೆ ಶೇಕಡಾ 10ರ ದ್ರಾವಣ ಸುಮಾರು 12 ಲೀಟರ್ ಬೇಕು, ಮತ್ತು ಹೊರಬರುವ ಇಂಗಾಲದ ಡೈಆಕ್ಸೈಡ್ 440 ಗ್ರಾಂ. ಎರಡು ಕಿಲೋ ಮಾದರಿಗೆ ಇದರ ಇಮ್ಮಡಿ. ಅಷ್ಟು ಬಕೆಟ್ಟುಗಳಿಗೆ ಗಾಳಿ ಎಳೆಯುವ ಫ್ಯೂಮ್ ಹುಡ್‌ನ ಕೆಳಗೆ ಜಾಗ ಸಿಗುವುದೇ ಕಷ್ಟ. ನಾನು ಹೋದಾಗ ಪ್ರಯೋಗಾಲಯದ ವಾತಾಯನ ದುರಸ್ತಿಯಲ್ಲಿತ್ತು, ಹಲವು ವಾರ ಕಲ್ಲುಗಳು ಚೀಲದಲ್ಲೇ ಉಳಿದವು.

ದುರಸ್ತಿ ಮುಗಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಶುದ್ಧ ಅಸಿಟಿಕ್ ಆಮ್ಲ ಸುಮಾರು 16.6 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುತ್ತದೆ. ಕಲಬುರಗಿಯಲ್ಲಿ ಓದಿದವನಿಗೆ ಅದು ಪುಸ್ತಕದ ಅಂಕಿಯಷ್ಟೇ. ಇಲ್ಲಿ ಬಿಸಿಯಿಲ್ಲದ ಉಗ್ರಾಣದಲ್ಲಿಟ್ಟ ಡ್ರಮ್ಮುಗಳು ಅಲ್ಲಾಡಿಸಿದರೂ ಸದ್ದು ಬಾರದಂತೆ ಗಟ್ಟಿಯಾಗಿದ್ದವು. ಬೆಂಕಿ, ಹೀಟರು ಹತ್ತಿರ ತರುವಂತಿಲ್ಲ, ಅದರ ಆವಿ ಹೊತ್ತಿಕೊಳ್ಳುವಂಥದು. ಬೆಚ್ಚಗಿನ ಕೋಣೆಗೆ ಸಾಗಿಸಿ, ತಾನಾಗಿ ಕರಗುವವರೆಗೆ ಕಾಯಬೇಕಾಯಿತು. ನೀರು ಬೆರೆಸಿದ ಶೇಕಡಾ 80ರ ಆಮ್ಲವನ್ನು ತರಿಸಿಕೊಂಡರೆ ಈ ಕಷ್ಟ ಇರುವುದಿಲ್ಲ.

ಆಮ್ಲವನ್ನು ಹಾಗೇ ಸುರಿಯಬಾರದು ಎಂಬುದು ಹೊಸಬರಿಗೆ ನಾನು ಒತ್ತಿ ಹೇಳಬೇಕಾದ ಮಾತು. ಹೊಸ ಆಮ್ಲದ ಪಿಎಚ್ ಬಹಳ ಕಡಿಮೆ, ಅದು 3.6ಕ್ಕಿಂತ ಕೆಳಗಿದ್ದರೆ ಸುಣ್ಣದ ಜೊತೆಗೆ ಕೊನೊಡಾಂಟಿನ ಫಾಸ್ಫೇಟ್ ಕೂಡ ಸವೆಯತೊಡಗುತ್ತದೆ. ಲುಂಡ್‌ನ ಲೆನಾರ್ಟ್ ಯೆಪ್ಸನ್ ಮತ್ತು ಸಂಗಡಿಗರು 1999ರಲ್ಲಿ ವಿವರವಾಗಿ ಪ್ರಕಟಿಸಿದ ವಿಧಾನದಂತೆ, ಹಿಂದಿನ ಸುತ್ತಿನಲ್ಲಿ ಬಳಸಿ ಉಳಿದ ದ್ರಾವಣದ ಒಂದು ಪಾಲನ್ನು ಹೊಸ ಆಮ್ಲಕ್ಕೆ ಬೆರೆಸುತ್ತೇವೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಅಸಿಟೇಟ್ ಪಿಎಚ್ ಅನ್ನು ಹಿಡಿದು ನಿಲ್ಲಿಸುತ್ತದೆ. ಬೆಳಿಗ್ಗೆ ಬಂದ ಕೂಡಲೇ ಪ್ರತಿ ಬಕೆಟ್ಟಿನ ಪಿಎಚ್ ಅಳೆದು ಬರೆದುಕೊಳ್ಳುವುದು ನನ್ನ ನಿತ್ಯದ ಮೊದಲ ಕೆಲಸವಾಗಿತ್ತು. ಗುಳ್ಳೆ ಏಳುವುದು ನಿಂತಾಗ ಜರಡಿ ಹಿಡಿದು, ಕಸ ತೆಗೆದು, ಮತ್ತೆ ಹೊಸ ದ್ರಾವಣ. ಒಂದು ಮಾದರಿ ಪೂರ್ತಿ ಕರಗಲು ವಾರಗಳೇ ಹಿಡಿದವು. ಹುಳಿ ವಾಸನೆ ಬಟ್ಟೆ, ಕೂದಲು, ಚೀಲಗಳಿಗೆಲ್ಲ ಹಿಡಿದು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ನಿಮ್ಮ ಕಲ್ಲು ಡಾಲಮೈಟ್ (ಮೆಗ್ನೀಸಿಯಂ ಸೇರಿದ ಕಾರ್ಬೊನೇಟ್ ಕಲ್ಲು) ಆಗಿದ್ದರೆ ಅಸಿಟಿಕ್ ಆಮ್ಲ ಅದನ್ನು ಸರಿಯಾಗಿ ಕರಗಿಸದು, ಫಾರ್ಮಿಕ್ ಆಮ್ಲಕ್ಕೆ ಹೋಗಬೇಕಾಗುತ್ತದೆ. ಅದರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಕಸವನ್ನು ಜರಡಿ ಹಿಡಿಯುವಾಗ ಮೇಲೆ ಒಂದು ಮಿಲಿಮೀಟರ್ ಕಣ್ಣಿನದು, ಕೆಳಗೆ 63 ಮೈಕ್ರಾನಿನದು ಇಟ್ಟುಕೊಂಡೆ. ಒಂದು ಮಾದರಿಯ ಕೊನೊಡಾಂಟ್ ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡು ಮುಂದಿನ ಮಾದರಿಗೆ ಬಿದ್ದರೆ ಇಡೀ ವಲಯದ ಗಡಿಯೇ ತಪ್ಪುತ್ತದೆ. ಅದಕ್ಕಾಗಿ ಪ್ರತಿ ಮಾದರಿಯ ನಂತರ ಜರಡಿಯನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು, ಆಮೇಲೆ ಮೀಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದುತ್ತಿದ್ದೆ. ಅಷ್ಟಾದರೂ ಉಳಿದ ಕಣ ಮುಂದೆ ನೀಲಿಯಾಗಿ ಕಂಡರೆ ಅದು ಹಿಂದಿನದೆಂದು ಗೊತ್ತಾಗುತ್ತದೆ. ಒಣಗಿದ ಕಸದಲ್ಲಿ ಕೊನೊಡಾಂಟ್‌ಗಿಂತ ಜೇಡಿ, ಕ್ವಾರ್ಟ್ಜ್ ಕಣಗಳೇ ಎಷ್ಟೋ ಪಟ್ಟು ಹೆಚ್ಚು. ಅವನ್ನು ಬೇರ್ಪಡಿಸಲು ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ ಭಾರದ್ರವ ಬಳಸುತ್ತೇವೆ. ಅದರ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 2.8 ಗ್ರಾಂ ಆಸುಪಾಸಿಗೆ ಹೊಂದಿಸಿದರೆ 2.65ರ ಕ್ವಾರ್ಟ್ಜ್ ತೇಲುತ್ತದೆ, ಕೊನೊಡಾಂಟ್ ಮುಳುಗುತ್ತದೆ. ಹಿಂದೆ ಬಳಸುತ್ತಿದ್ದ ಬ್ರೋಮೋಫಾರ್ಮಿನಷ್ಟು ವಿಷಕಾರಿಯಲ್ಲದಿದ್ದರೂ ಇದರ ಬೆಲೆ ಬಹಳ. ಸೋಸಿ, ನೀರನ್ನು ಆವಿ ಮಾಡಿ ಮತ್ತೆ ಮತ್ತೆ ಬಳಸಬೇಕು. ನಲ್ಲಿ ನೀರು ತಾಗಿಸಬಾರದು: ನೀರಿನಲ್ಲಿರುವ ಕ್ಯಾಲ್ಸಿಯಂ ಇದರೊಂದಿಗೆ ಸೇರಿ ಬಿಳಿ ಪುಡಿಯಾಗಿ ತಳದಲ್ಲಿ ಕೂರುತ್ತದೆ, ದ್ರವವೂ ಹಾಳು, ಮಾದರಿಯೂ ಹಾಳು. ಕಸದಲ್ಲಿ ಆಮ್ಲದ ಅಂಶ ಉಳಿಯದಂತೆ ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ಸಲ ತೊಳೆದು ಒಣಗಿಸಿದ ಮೇಲೆಯೇ ಈ ಹಂತಕ್ಕೆ ಬರಬೇಕು. ಕೆಂಪು ಕಲ್ಲಿನ ಕಸದಲ್ಲಿ ಕಬ್ಬಿಣದ ಆಕ್ಸೈಡ್ ಕೂಡ ಕೊನೊಡಾಂಟ್ ಜೊತೆಗೇ ಮುಳುಗುವುದರಿಂದ, ಅಯಸ್ಕಾಂತೀಯ ವಿಂಗಡಣೆಯ ಇನ್ನೊಂದು ಸುತ್ತು ಬೇಕಾಯಿತು.

ಆಮೇಲೆ ಆರಿಸುವ ಕೆಲಸ. ಚೌಕಳಿ ಗೆರೆ ಎಳೆದ ಕಪ್ಪು ತಟ್ಟೆಯ ಮೇಲೆ ಒಂದು ಚಿಟಿಕೆ ಕಸ ಹರಡಿ, ಮೈಕ್ರೋಸ್ಕೋಪಿನಡಿ ಒಂದೊಂದೇ ಚೌಕ ನೋಡುತ್ತ ಹೋಗಬೇಕು. ಮೊದಲ ಕೊನೊಡಾಂಟ್ ಕಂಡ ಗಳಿಗೆ ನನಗೆ ಚೆನ್ನಾಗಿ ನೆನಪಿದೆ: ಜೇನುತುಪ್ಪದ ಬಣ್ಣದ, ಬೆಳಕು ಹಾಯುವ, ತುಸು ಬಾಗಿದ ಒಂದು ಕೊಂಬು, ತುದಿಯ ಕಡೆ ಹಾಲಿನಂಥ ಬಿಳುಪು, ಬುಡದಲ್ಲಿ ಟೊಳ್ಳು. ಮೇಲ್ಮೈ ಎಷ್ಟು ನಯವಾಗಿತ್ತೆಂದರೆ ದೀಪದ ಪ್ರತಿಬಿಂಬ ಅದರ ಮೇಲೆ ಗೆರೆಯಾಗಿ ಕಾಣುತ್ತಿತ್ತು. 46 ಕೋಟಿ ವರ್ಷಗಳ ಹಿಂದೆ ಒಂದು ಜೀವಿ ಬಳಸಿದ್ದ ಹಲ್ಲು ಅದು. ಕುಂಚ ಎತ್ತದೆ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಬಣ್ಣವೂ ಒಂದು ಮಾಹಿತಿಯೇ. ಕಲ್ಲು ಹೂತುಹೋದಾಗ ಕಂಡ ಶಾಖಕ್ಕೆ ತಕ್ಕಂತೆ ಕೊನೊಡಾಂಟಿನ ಬಣ್ಣ ತಿಳಿಹಳದಿಯಿಂದ ಕಂದಿಗೆ, ಕಪ್ಪಿಗೆ ತಿರುಗುತ್ತದೆ. 1977ರಲ್ಲಿ ಅಮೆರಿಕದ ಭೂವಿಜ್ಞಾನಿಗಳು ಇದನ್ನು ಅಂಕಿಗಳ ಸೂಚಿಯಾಗಿ ರೂಪಿಸಿದರು. ಸೂಚಿ 1 ಎಂದರೆ ಕಲ್ಲು ಸುಮಾರು 80 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿಲ್ಲ, ಸೂಚಿ 5ರ ಕಪ್ಪು ಬಣ್ಣ ಎಂದರೆ 300 ಡಿಗ್ರಿ ದಾಟಿದೆ. ಪರ್ವತಗಳು ಎದ್ದ ಪ್ರದೇಶಗಳಲ್ಲಿ ಕೆಲಸ ಮಾಡುವವರು ಕಪ್ಪು ಕೊನೊಡಾಂಟ್‌ಗೆ ಸಿದ್ಧರಾಗಿ ಬಿಳಿ ತಟ್ಟೆ ಇಟ್ಟುಕೊಳ್ಳುವುದು ಮೇಲು.

ಎತ್ತುವುದು ಅತಿ ಸಣ್ಣ ಕುಂಚದ ಒದ್ದೆ ತುದಿಯಿಂದ. ಚಳಿಗಾಲದಲ್ಲಿ ಹೀಟರಿನಿಂದ ಕೋಣೆಯ ಗಾಳಿ ಒಣಗಿ ತಟ್ಟೆಯಲ್ಲಿ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಕುಂಚ ಹತ್ತಿರ ಬರುತ್ತಿದ್ದಂತೆ ಕೊನೊಡಾಂಟ್ ಟಣ್ಣನೆ ಹಾರಿ ಮಾಯವಾಗುತ್ತದೆ. ಕೋಣೆಯಲ್ಲಿ ಒದ್ದೆ ಬಟ್ಟೆ ಹರಡಿ, ತಟ್ಟೆಯನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಹಾರಾಟ ಕಡಿಮೆಯಾಯಿತು. ಕುತ್ತಿಗೆ, ಕಣ್ಣು, ಬೆನ್ನು ಮೂರೂ ಸೋಲುವ ಕೆಲಸವಿದು. ಗಂಟೆಗೊಮ್ಮೆ ಎದ್ದು ಕಿಟಕಿಯಾಚೆ ದೂರದ ಮರ ನೋಡಬೇಕು. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ದಿನಗಳಲ್ಲಿ, ತಟ್ಟೆಯ ಮೇಲೆ ತಟ್ಟೆ ಖಾಲಿ ಬಂದಾಗ, ಊರು ಬಿಟ್ಟು ಇಷ್ಟು ದೂರ ಇದಕ್ಕೆ ಬಂದೆನೇ ಎಂದು ಅಳು ಬಂದದ್ದೂ ಉಂಟು. ಕೆಲವು ಮಾದರಿಗಳಲ್ಲಿ ನೂರಾರು ಸಿಕ್ಕವು. ಕೆಲವದರಲ್ಲಿ ಮುರಿದ ತುಂಡುಗಳು ಮಾತ್ರ. ಖಾಲಿ ಬಂದ ಮಾದರಿಯನ್ನೂ ಅದರ ತೂಕ, ಕರಗಿದ ಪ್ರಮಾಣ ಸಹಿತ ಪಟ್ಟಿಯಲ್ಲಿ ಸೇರಿಸಲೇಬೇಕು. ಒಂದು ಪ್ರಭೇದ ಅಲ್ಲಿ ಇರಲಿಲ್ಲವೋ, ಹುಡುಕಿದ ಕಲ್ಲೇ ಕಡಿಮೆಯಾಯಿತೋ ಎಂದು ಮುಂದಿನವರು ತಿಳಿಯುವುದು ಆ ಸಾಲಿನಿಂದಲೇ.

ಗುರುತಿಸುವ ಹಂತದಲ್ಲಿ ಹೆಸರುಗಳ ಕಾಡು ಎದುರಾಗುತ್ತದೆ. ಒಂದು ಪ್ರಾಣಿಯ ಬಾಯಿಯಲ್ಲಿ ಬೇರೆ ಬೇರೆ ಆಕಾರದ ಹಲವು ಭಾಗಗಳು ಇರುತ್ತಿದ್ದವು. ದಕ್ಷಿಣ ಆಫ್ರಿಕಾದ ಆರ್ಡೊವಿಷಿಯನ್ ಶೇಲಿನಲ್ಲಿ ಜೋಡಣೆ ಕೆಡದೆ ಸಿಕ್ಕ ಪ್ರೊಮಿಸ್ಸಮ್ ಎಂಬ ಪ್ರಾಣಿಯಲ್ಲಿ ಅಂಥವು 19 ಇದ್ದವು. ಪ್ರಾಣಿ ಸತ್ತ ಮೇಲೆ ಅವು ಚದುರಿಹೋಗುವುದರಿಂದ ಹಳೆಯ ವಿದ್ವಾಂಸರು ಪ್ರತಿ ಆಕಾರಕ್ಕೂ ಪ್ರತ್ಯೇಕ ಪ್ರಭೇದದ ಹೆಸರು ಕೊಟ್ಟರು. 1960ರ ದಶಕದಿಂದ ಒಟ್ಟಿಗೆ ಸಿಗುವ ಆಕಾರಗಳನ್ನು ಒಂದೇ ಪ್ರಾಣಿಯ ಭಾಗಗಳಾಗಿ ಸೇರಿಸುವ ಪದ್ಧತಿ ಬಂತು. ಆದ್ದರಿಂದ ಸ್ವೀಡನ್ನಿನ ಭೂವಿಜ್ಞಾನಿ ಮಾರಿಟ್ಸ್ ಲಿಂಡ್‌ಸ್ಟ್ರೋಮ್ ಅವರ 1955ರ ಬರಹದಂಥ ಅಡಿಪಾಯದ ಕೃತಿಗಳನ್ನು ಓದುವಾಗ ಪ್ರತಿ ಹೆಸರಿನ ಮುಂದೆ ಇಂದಿನ ಹೆಸರನ್ನು ಬರೆದುಕೊಳ್ಳುವ ಒಂದು ಪಟ್ಟಿಯನ್ನು ಮೊದಲ ವಾರದಿಂದಲೇ ಕಟ್ಟುತ್ತ ಬನ್ನಿ. ನನ್ನ ಪಟ್ಟಿ ಕೊನೆಗೆ ಪ್ರಬಂಧದ ಅನುಬಂಧವೇ ಆಯಿತು.

ಮಾದರಿಗಳಲ್ಲಿ ಅತಿ ಹೆಚ್ಚು ಸಿಕ್ಕವು ಡ್ರೆಪನೊಯಿಸ್ಟೋಡಸ್, ಪ್ರೊಟೊಪಾಂಡೆರೋಡಸ್‌ಗಳಂಥ ಸರಳ ಕೊಂಬಿನ ಬಗೆಗಳು. ಅವು ಹಲವು ವಲಯಗಳ ಉದ್ದಕ್ಕೂ ಹೆಚ್ಚು ಬದಲಾಗದೆ ಸಾಗುವುದರಿಂದ ಕಾಲ ಹೇಳಲು ಅಷ್ಟಾಗಿ ಉಪಯೋಗವಿಲ್ಲ. ನನಗೆ ಬೇಕಾಗಿದ್ದವು ಚಪ್ಪಟೆ ವೇದಿಕೆಯಂಥ ಭಾಗಗಳು. ಈ ಪದರಗಳಲ್ಲಿ ಕೆಳಗೆ ಲೆನೋಡಸ್ ವೇರಿಯಬಿಲಿಸ್, ಅದರ ಮೇಲೆ ಯಾಂಗ್‌ಟ್ಸೆಪ್ಲಾಕೊಗ್ನಾಥಸ್ ಕ್ರಾಸಸ್, ಅದಕ್ಕೂ ಮೇಲೆ ಲೆನೋಡಸ್ ಸೂಡೊಪ್ಲೇನಸ್ ಎಂಬ ಕ್ರಮದಲ್ಲಿ ವಲಯಗಳು ಬರುತ್ತವೆ. ವೇದಿಕೆಯ ಮೇಲಿನ ಗಂಟುಗಳ ಸಾಲು ಎಲ್ಲಿ ಕವಲೊಡೆಯುತ್ತದೆ, ಕವಲು ಎಷ್ಟು ಉದ್ದ ಎಂಬುದರ ಮೇಲೆ ಪ್ರಭೇದ ನಿಂತಿದೆ, ಆ ಕವಲೇ ಮೊದಲು ಮುರಿಯುವ ಭಾಗ. ಖಚಿತಪಡಿಸಲು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳು ಬೇಕಿದ್ದವು. ನನ್ನ ಸರದಿ ಬರುವ ಹೊತ್ತಿಗೆ ಯಂತ್ರ ಕೆಟ್ಟು, ಭಾಗ ಬರುವವರೆಗೆ ಎಲ್ಲರ ಸರದಿಯೂ ಮುಂದೆ ಹೋಯಿತು. ಸಲ್ಲಿಕೆಯ ದಿನಾಂಕ ಮಾತ್ರ ಇದ್ದಲ್ಲೇ ಇತ್ತು. ಕಾಯುವಾಗ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೇ ಹಲವು ಕೋನಗಳ ಫೋಟೋ ತೆಗೆದಿಟ್ಟುಕೊಂಡದ್ದು ನೆರವಿಗೆ ಬಂತು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗಾಗಿ ಚಿನ್ನದ ಲೇಪ ಹಾಕಿದ ಮೇಲೆ ಒಳಗಿನ ಬಿಳುಪೂ ಬಣ್ಣವೂ ಕಾಣುವುದಿಲ್ಲ. ಅವುಗಳ ಚಿತ್ರವನ್ನು ಮೊದಲೇ ತೆಗೆದಿರಬೇಕು.

ಕೊನೆಗೆ ತಾಳೆ ಹಾಕುವ ಕೆಲಸ, ನಾನು ಬಂದದ್ದೇ ಇದಕ್ಕಾಗಿ. ಒಂದು ಕೊನೊಡಾಂಟ್ ಸಿಕ್ಕಿತು, ಆದ್ದರಿಂದ ಈ ಪದರ ಇಂಥ ಕಾಲದ್ದು ಎಂದು ಹೇಳಿಬಿಡಲಾಗುವುದಿಲ್ಲ. ಹಳೆಯ ಪದರ ಕೊರೆದು ಬಂದ ಕೊನೊಡಾಂಟ್ ಹೊಸ ಪದರದಲ್ಲಿ ಸೇರಿರಬಹುದು, ಅಪರೂಪದ ಪ್ರಭೇದ ನಮ್ಮ ಎರಡು ಕಿಲೋದಲ್ಲಿ ಸಿಗದೇ ಹೋಗಿರಬಹುದು. ಹಲವು ಪ್ರಭೇದಗಳು ಯಾವ ಕ್ರಮದಲ್ಲಿ ಮೊದಲು ಕಾಣಿಸಿಕೊಂಡವು, ಯಾವ ಕ್ರಮದಲ್ಲಿ ಮರೆಯಾದವು ಎಂಬ ಇಡೀ ಸರಣಿಯೇ ಸಾಕ್ಷ್ಯ. ಅಲನ್ ಶಾ 1964ರಲ್ಲಿ ವಿವರಿಸಿದ ರೇಖಾಚಿತ್ರ ವಿಧಾನದಂತೆ, ಒಂದು ಅಕ್ಷದ ಮೇಲೆ ನಮ್ಮ ಗೋಡೆಯ ಎತ್ತರ, ಇನ್ನೊಂದರ ಮೇಲೆ ಸ್ವೀಡನ್ನಿನದೇ ಆದ ಓಲಾಂಡ್ ದ್ವೀಪದ ಪ್ರಕಟಿತ ಛೇದದ (ಅಳೆದು ದಾಖಲಿಸಿದ ಪದರಗಳ ಸಾಲಿನ) ಎತ್ತರ ಇಟ್ಟು, ಪ್ರತಿ ಪ್ರಭೇದ ಮೊದಲು ಮತ್ತು ಕೊನೆಗೆ ಕಾಣಿಸಿಕೊಂಡ ಎತ್ತರಗಳನ್ನು ಬಿಂದುಗಳಾಗಿ ಗುರುತಿಸಿದೆ. ಬಿಂದುಗಳು ಒಂದು ಓರೆಗೆರೆಯ ಸುತ್ತ ಕೂಡಿದವು, ಬೂದು ಪಟ್ಟಿಯ ಬಳಿ ಗೆರೆ ಬಾಗಿತು. ಗೆರೆಯ ಬಾಗು ಎಂದರೆ ಎರಡು ಜಾಗಗಳಲ್ಲಿ ಕಲ್ಲು ಕೂಡುವ ವೇಗ ಬೇರೆಯಾಯಿತು ಎಂದು. ವೇರಿಯಬಿಲಿಸ್ ವಲಯದಿಂದ ಕ್ರಾಸಸ್ ವಲಯಕ್ಕೆ ದಾಟುವುದೂ ಆ ಬೂದು ಪಟ್ಟಿಯ ಆಸುಪಾಸಿನಲ್ಲೇ. ಗಡಿಯನ್ನು ಒಂದೇ ಗೆರೆಯಾಗಿ ಎಳೆಯದೆ, ಕ್ರಾಸಸ್ ಇಲ್ಲದ ಕೊನೆಯ ಮಾದರಿ ಮತ್ತು ಇರುವ ಮೊದಲ ಮಾದರಿಯ ನಡುವಿನ ಅಂತರವಾಗಿ ತೋರಿಸಿದೆ. ಪರೀಕ್ಷಕರು ಅದನ್ನು ಮೆಚ್ಚಿದರು.

ಯಾಂಗ್‌ಟ್ಸೆ ನದಿಯ ಹೆಸರು ಹೊತ್ತ ಕುಲದ ಪ್ರಭೇದವೊಂದು ಸ್ವೀಡನ್ನಿನ ಗುಡ್ಡದಲ್ಲಿ ಸಿಗುವುದೇ ಈ ಪಳೆಯುಳಿಕೆಗಳ ಶಕ್ತಿ: ದಕ್ಷಿಣ ಚೀನಾ ಮತ್ತು ಬಾಲ್ಟಿಕ್ ಪ್ರದೇಶ ಎರಡರಲ್ಲೂ ಕ್ರಾಸಸ್ ಇದೆ. ಉತ್ತರ ಅಮೆರಿಕದೊಂದಿಗೆ ತಾಳೆ ಹಾಕುವುದು ಇಷ್ಟು ಸುಲಭವಲ್ಲ. ಆಗ ಆ ಖಂಡದ ಒಳಭಾಗದ ಬೆಚ್ಚನೆಯ, ಆಳವಿಲ್ಲದ ಸಮುದ್ರಗಳಲ್ಲಿ ಬೇರೆಯೇ ಪ್ರಭೇದಗಳಿದ್ದವು. ಎರಡೂ ಬಗೆ ಸಿಗುವ, ಪೂರ್ವ ಅಮೆರಿಕದ ಅಪಲೇಚಿಯನ್ ಪರ್ವತ ಪ್ರದೇಶದ ಪದರಗಳನ್ನು ಸೇತುವೆಯಾಗಿ ಬಳಸಿ ಸ್ಟಿಗ್ ಬೆರ್ಯ್‌ಸ್ಟ್ರೋಮ್ 1971ರಲ್ಲಿ ಕಟ್ಟಿಕೊಟ್ಟ ವಲಯಗಳೇ ನನಗೂ ಆಸರೆಯಾದವು. ಕಿನ್ನೆಕುಲ್ಲೆಯಲ್ಲಿ ಇನ್ನೊಂದು ಸ್ವತಂತ್ರ ಸಾಕ್ಷಿಯೂ ಇದೆ. ಅಲ್ಲಿನ ಥೋರ್ಸ್‌ಬರ್ಗ್ ಗಣಿಯಲ್ಲಿ, ನೆಲಹಾಸು ಕಲ್ಲು ಕತ್ತರಿಸುವಾಗ, ನೂರಕ್ಕೂ ಹೆಚ್ಚು ಪಳೆಯುಳಿಕೆಯಾದ ಉಲ್ಕಾಶಿಲೆಗಳು ಸಿಕ್ಕಿವೆ. ಸುಮಾರು 46.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹವೊಂದು ಒಡೆದು ಬಿದ್ದ ಧೂಳಿನ ಕ್ರೋಮೈಟ್ (ಕ್ರೋಮಿಯಂ ಖನಿಜ) ಕಣಗಳು ಇಲ್ಲಿಯೂ ಚೀನಾದಲ್ಲಿಯೂ ಅದೇ ಕಾಲದ ಪದರಗಳಲ್ಲಿ ಹೆಚ್ಚುತ್ತವೆ. ಜೀವಿಗಳಿಗೆ ಸಂಬಂಧವೇ ಇಲ್ಲದ ಧೂಳು ಕೊನೊಡಾಂಟ್ ಹೇಳಿದ್ದನ್ನೇ ಹೇಳುವಾಗ, ಮೈಕ್ರೋಸ್ಕೋಪಿನ ಮುಂದೆ ಕಳೆದ ಆ ಕತ್ತಲ ಮಧ್ಯಾಹ್ನಗಳ ಬಗ್ಗೆ ನನಗೆ ಯಾವ ದೂರೂ ಉಳಿಯಲಿಲ್ಲ.

ಸಲ್ಲಿಸುವ ಮೊದಲು ಮಾಡಬೇಕಾದ ಕೆಲಸವೊಂದನ್ನು ಬಹಳ ಮಂದಿ ಕೊನೆಗೆ ಬಿಡುತ್ತಾರೆ. ಪ್ರಬಂಧದಲ್ಲಿ ಚಿತ್ರ ಹಾಕಿದ ಪ್ರತಿ ಕೊನೊಡಾಂಟ್‌ಗೂ ಸಂಗ್ರಹಾಲಯದ ಸಂಖ್ಯೆ ಬೇಕು. ಸಂಖ್ಯೆ ಕೊಡುವವರು ಸ್ಲೈಡಿನ ಮೇಲಿನ ಬರಹ, ಮಾದರಿಯ ಎತ್ತರ, ಗಣಿಯ ಅಕ್ಷಾಂಶ ರೇಖಾಂಶ ಎಲ್ಲವನ್ನೂ ಹೊಂದಿಸಿ ನೋಡಿಯೇ ತೆಗೆದುಕೊಳ್ಳುತ್ತಾರೆ. ಒಂದು ತಿಂಗಳಾದರೂ ಇದಕ್ಕೆ ಮೀಸಲಿಡಿ. ಆರಿಸಿ ಉಳಿದ ಭಾರದ ಕಸವನ್ನು ಎಸೆಯಬೇಡಿ, ಮಾದರಿಯ ಸಂಖ್ಯೆ ಬರೆದು ಶೀಶೆಗಳಲ್ಲಿ ಇಡಿ. ಅದರಲ್ಲಿ ಫಾಸ್ಫೇಟ್ ಚಿಪ್ಪಿನ ಬ್ರಾಕಿಯೊಪಾಡ್‌ಗಳ (ಎರಡು ಚಿಪ್ಪಿನ ಸಮುದ್ರಪ್ರಾಣಿಗಳ) ಚೂರುಗಳೂ ಕ್ರೋಮೈಟ್ ಕಣಗಳೂ ಇರುತ್ತವೆ. ನನ್ನ ಶೀಶೆಗಳನ್ನು ಈಗ ಬ್ರಾಕಿಯೊಪಾಡ್‌ಗಳ ಮೇಲೆ ಕೆಲಸ ಮಾಡಲಿರುವ ಹೊಸ ವಿದ್ಯಾರ್ಥಿನಿಗೆ, ಪಿಎಚ್ ಬರೆದಿಟ್ಟ ಪುಸ್ತಕದ ಸಮೇತ ಒಪ್ಪಿಸಿದ್ದೇನೆ.